ಹುಳುಮನೆಯ ಎರಡು ಥರ್ಮಾಮೀಟರು

ಕುಂದಾಣದ ಹತ್ತಿರದ ಹೈಸ್ಕೂಲಿನಲ್ಲಿ ನಾನು ಭೂಗೋಳದ ಮೇಷ್ಟ್ರು. ಕಳೆದ ಬೇಸಿಗೆಯ ಒಂದು ಶನಿವಾರ ಬೆಳಗ್ಗೆ, ಜಗತ್ತಿನ ಅತಿ ಬಿಸಿ ಊರುಗಳ ದಾಖಲೆ ತಾಪಮಾನವನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡಿಸುತ್ತಿದ್ದೆ. ಕುವೈತ್, ಜಾಕೋಬಾಬಾದ್, ಅಮೆರಿಕದ ಮರುಭೂಮಿ, ಎಲ್ಲಕ್ಕೂ ಕೆಂಪು ಚುಕ್ಕೆ. ಹಾಳೆ ಸಾಲದೆ ಮೇಲೊಂದು ಹಾಳೆ ಅಂಟಿಸಿದಾಗ ಮಕ್ಕಳು ಸಿಕ್ಸರ್ ಹೊಡೆದಂತೆ ಚಪ್ಪಾಳೆ ತಟ್ಟಿದರು. ನಾಚಿಕೆಯಿಲ್ಲದೆ ನಾನೂ ತಟ್ಟಿದೆ. ನಮ್ಮೂರಿನ ಹಸಿರು ಚುಕ್ಕೆ ಎಲ್ಲೋ ಕೆಳಗಿತ್ತಲ್ಲ!

ಮಧ್ಯಾಹ್ನ ಮನೆಗೆ ಬಂದರೆ ಅಮ್ಮ ರೇಷ್ಮೆ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಿದ್ದಳು. ಗೋಡೆಯ ಥರ್ಮಾಮೀಟರಿನ ಪಕ್ಕದಲ್ಲಿ, ಪ್ರತಿ ಬೇಸಿಗೆಯಲ್ಲೂ ಪಾದರಸ ಏರಿದಷ್ಟು ಎತ್ತರಕ್ಕೆ ಅವಳೇ ಎಳೆದ ಸುಣ್ಣದ ಗೆರೆಗಳಿದ್ದವು. ಈಗ ಪಾದರಸ ಆ ಎಲ್ಲ ಗೆರೆಗಳನ್ನೂ ದಾಟಿತ್ತು.

"ಇದು ಕೆಟ್ಟೋಗೈತೆ ಕಣಪ್ಪ. ದೇವನಹಳ್ಳಿಗೋಗಿ ಬೇರೇದು ತಗೊಂಡ್ಬಾ" ಅಂದಳು.

ನನಗೂ ಹಾಗೇ ನಂಬಬೇಕು ಅನಿಸಿತ್ತು. ಬೈಕಿನಲ್ಲಿ ಹೋಗಿ ಹೊಸದು ತಂದು, ಹಳೆಯದರ ಪಕ್ಕದಲ್ಲೇ ನೇತುಹಾಕಿದೆ. ಇಬ್ಬರೂ ನೋಡುತ್ತಾ ನಿಂತೆವು. ಹೊಸದರ ಪಾದರಸವೂ ನಿಧಾನವಾಗಿ ಏರಿ ಹಳೆಯದರ ಮಟ್ಟಕ್ಕೇ ಬಂದು ನಿಂತಿತು.

"ಇದೂ ಕೆಟ್ಟಿರೋದೇ ಕೊಟ್ಟವ್ನೆ. ವಾಪಸ್ ಕೊಟ್ಬಾ" ಅಂದಳು ಅಮ್ಮ. ನನ್ನ ಮುಖ ಮಾತ್ರ ನೋಡಲಿಲ್ಲ.

ಆಗಲೇ ನನಗೆ ಹೊಳೆದದ್ದು, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ನಿಂತುಹೋಗಿದೆ ಎಂದು. ಸೆಕೆಗೆ ಹುಳುಗಳು ಬಾಯಿ ಹಾಕದೆ, ತಟ್ಟೆಗಳಲ್ಲಿ ಹಾಕಿದ ಸೊಪ್ಪು ಹಾಗೇ ಬಾಡಿತ್ತು. ಅವಕ್ಕೆ ಯಾರೂ ಥರ್ಮಾಮೀಟರು ತೋರಿಸಿರಲಿಲ್ಲ.