ಕಿವಿ ಕಳೆದುಕೊಂಡ ಹಸಿರು ಕುದುರೆ

ಕಲ್ಲುಗುಡ್ಡವನ್ನು ಸಮಮಾಡಿಸಿ, ಮಹಾಭವನವನ್ನೂ ಅದರ ಸುತ್ತಣ ಹೂದೋಟವನ್ನೂ ಎಬ್ಬಿಸಿದವನು ಒಬ್ಬ ಧಾನ್ಯದ ವರ್ತಕ. ಯುದ್ಧಕಾಲದಲ್ಲಿ ಹುಲ್ಲುಹಾಸನ್ನು ಉತ್ತು ಅಲ್ಲಿ ಆಲೂಗಡ್ಡೆ ಬೆಳೆದರು. ಊಟದ ಹಜಾರದಲ್ಲಿ ಗಾಯಾಳುಗಳಿಗೆ ಮಂಚ ಹಾಕಿದರು. ಕೊನೆಗೆ ವರ್ತಕನ ಮೊಮ್ಮಗಳು ಎಲ್ಲವನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಇಷ್ಟೆಲ್ಲ ಏರುಪೇರಿನ ನಡುವೆಯೂ ದೇವರ ದಯೆಯಿಂದ ಉಳಿದುಬಂದದ್ದು ಮೆಟ್ಟಿಲ ಬಳಿಯ ಹಸಿರು ಕುದುರೆ. ದಟ್ಟ ಪೊದೆಯನ್ನು ಸವರಿ ಸವರಿ ಅದಕ್ಕೆ ರೂಪ ಕೊಟ್ಟಿದ್ದವನು ಹಿರಿಯ ಮಾಲಿ. ಅವನು ಕಣ್ಣುಮುಚ್ಚುವ ಮುನ್ನ ಕತ್ತರಿಯನ್ನು ಸೊಸೆಯ ಕೈಗಿತ್ತು, "ಕುದುರೆ ಇನ್ಮೇಲೆ ನಿಂದು ಕಣಮ್ಮ" ಎಂದಿದ್ದ. ಅಂದಿನಿಂದ ಆಕೆ ಎಲ್ಲರ ಬಾಯಲ್ಲಿ ಕತ್ತರಿಯಮ್ಮ.

ಈಗ ಮುಪ್ಪಿನವರಾದ ಆ ಮೊಮ್ಮಗಳು, ಎಲ್ಲರ ಅಮ್ಮಾವ್ರು, ಕುದುರೆಯನ್ನು ಇನ್ನೊಮ್ಮೆ ಕಣ್ತುಂಬ ನೋಡಲು ಮರುದಿನ ಬರುತ್ತಾರೆಂದು ಸುದ್ದಿ ಬಂತು. ಕತ್ತರಿಯಮ್ಮ ಏಣಿ ಹತ್ತಿದಳು. ಎಡಗಿವಿ ತುಸು ಉದ್ದ ಕಂಡಿತು, ಸವರಿದಳು. ಆಗ ಬಲಗಿವಿ ಉದ್ದವಾಯಿತು, ಅದನ್ನೂ ಸವರಿದಳು. ಹೀಗೆ ಸರಿಮಾಡುತ್ತ ಹೋಗಿ ಕಿವಿಗಳೇ ಮಾಯವಾದವು. ಬೋಳುತಲೆಗೆ ಒಪ್ಪಲೆಂದು ಮೂತಿಯನ್ನು ಗಿಡ್ಡಮಾಡಿ, ಕತ್ತನ್ನು ತೆಳುಮಾಡಿ, ಕೆಳಗಿಳಿದು ನೋಡಿ ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಗೇಟು ಕಾಯುವ ಗಂಡ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಕುದುರೆ ಎಲ್ಲಿಗೆ ಹೋಯ್ತೇ? ಈ ಕುರೀನ ಇಲ್ಲಿ ಕಟ್ಟಿಹೋದೋರು ಯಾರು?"

"ನಗಬೇಡಿ ಅಂದ್ರೆ! ಮಾವನ ಹೆಸರಿಗೆ ಮಸಿ ಬಳಿದುಬಿಟ್ಟೆ. ಅಮ್ಮಾವ್ರು ನಾಳೆ ಕತ್ತರಿ ಕಿತ್ಕೊಂಡು ಮನೆಗೆ ಕಳಿಸ್ತಾರೆ ನೋಡಿ."

"ಮಂಜು ಕವಿದ್ರೆ ಕುದುರೆ ಅಂತಾನೇ ಹೇಳ್ಬಹುದು ಬಿಡು."

ಅವಳು ಮಂಜಿಗಾಗಿ ಭಕ್ತಿಯಿಂದಲೇ ಪ್ರಾರ್ಥಿಸಿದಳು. ಪರಮಾತ್ಮನು ಕರುಣಿಸಿದ್ದು ಕಣ್ಣು ಕೋರೈಸುವ ಬಿಸಿಲು. ಅವನ ಲೆಕ್ಕವೇ ಬೇರೆ.

ಅಮ್ಮಾವ್ರು ಕೋಲೂರಿ ಬಂದರು. ಕುದುರೆಯನ್ನು ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ನಗುವಿಗೆ ಅವರ ಭುಜಗಳು ಕುಲುಕತೊಡಗಿದವು.

"ಅಯ್ಯೋ, ನಮ್ಮ ಬಾತುಕೋಳಿ ವಾಪಸ್ ಬಂತಾ!"

"ತಪ್ಪು ನಂದೇ ಅಮ್ಮಾವ್ರೇ. ಕಿವಿ ಸರಿಮಾಡೋಕೆ ಹೋಗಿ..."

"ನಿನ್ನ ಮಾವನೂ ಇದನ್ನೇ ಹೇಳಿದ್ದ ಕಣೇ! ನನ್ನ ಮದುವೆ ಹಿಂದಿನ ದಿನ ಕಿವಿ ಸರಿಮಾಡ್ತೀನಿ ಅಂತ ಏಣಿ ಹತ್ತಿ, ಕುದುರೇನ ಬಾತುಕೋಳಿ ಮಾಡಿ ಇಳಿದ. ಆಮೇಲೆ ಪಂಪಿನ ಮನೇಲಿ ಬಾಗಿಲು ಹಾಕ್ಕೊಂಡು ಕೂತ, ಮಹಾರಾಯ. ನಮ್ಮಪ್ಪಾನೇ ಹೋಗಿ ಕರ್ಕೊಂಡು ಬಂದ್ರು. ಮದುವೆ ಫೋಟೋದಲ್ಲೆಲ್ಲ ನನ್ನ ಹಿಂದೆ ಬಾತುಕೋಳಿ!"

"ನಮ್ಮ ಮಾವಾನಾ? ನಂಗೊಂದು ಮಾತೂ ಹೇಳ್ಲಿಲ್ವಲ್ಲ!"

"ಹೇಳ್ತಾನಾ? ಬೇರು ಗಟ್ಟಿ ಇದೆ, ಚಿಗುರುತ್ತೆ. ಆಗ ಚಿಗುರ್ಲಿಲ್ವಾ? ಕತ್ತರಿ ನಿನ್ನ ಹತ್ರಾನೇ ಇರ್ಲಿ. ಕಿವಿ ತಂಟೆಗೆ ಮಾತ್ರ ಹೋಗ್ಬೇಡ."

ಕ್ಷಮೆ ಸಿಕ್ಕ ಸಂತೋಷ ಒಂದು ತೂಕವಾದರೆ, ತಪ್ಪೇ ಅರಿಯದವನೆಂದು ತಾನು ನಂಬಿದ್ದ ಮಾವನೂ ಅದೇ ಏಣಿಯಿಂದ ನಡುಗುತ್ತ ಇಳಿದಿದ್ದನೆಂಬ ಸಮಾಧಾನ ಮತ್ತೊಂದು ತೂಕ. ಮನುಷ್ಯನ ಕೈ ತಪ್ಪುವುದೆಂದು ಬಲ್ಲ ಭಗವಂತನು ಚಿಗುರನ್ನು ಬೇರಿನಲ್ಲಿ ಬಚ್ಚಿಟ್ಟಿದ್ದಾನೆ. ಅಲ್ಲಿಗೆ ಯಾವ ಕತ್ತರಿಯೂ ಎಟುಕದು.

ಕತ್ತರಿಯಮ್ಮ ಅಮ್ಮಾವ್ರಿಗೆ ಕುರ್ಚಿ ತಂದು ಹಾಕಿ, ತಾನು ಹುಲ್ಲಿನ ಮೇಲೆ ಕಾಲುಚಾಚಿ ಕೂತಳು.

"ಅದ್ಸರಿ ಅಮ್ಮಾವ್ರೇ, ಬಾತುಕೋಳಿ ನೋಡಿ ಬೀಗರು ಏನಂದ್ರು?"