ಡಾರ್ನಿಂಗ್ ಆಂಟಿಯ ಹದಿನಾಲ್ಕು ನೇರಳೆ

ಕಳೆದ ಗುರುವಾರ ಸಂಜೆ ನಮ್ಮ ಅಡುಗೆಮನೆಯ ಟ್ಯೂಬ್‌ಲೈಟಿನ ಚೋಕ್ ಸುಟ್ಟಿತು. ಮೊದಲು ಬಂದದ್ದು ವಾಸನೆ. ಬೇಸಿಗೆಯ ಮಧ್ಯಾಹ್ನ ರಸ್ತೆಯ ಡಾಂಬರು ಮೆತ್ತಗಾದಾಗ ಬರುತ್ತದಲ್ಲ, ಅಂಥದು. ಸ್ವಿಚ್ ಆರಿಸಿ, ಸ್ಟೂಲು ಹತ್ತಿ, ಟ್ಯೂಬು ತೆಗೆದು, ಅದನ್ನು ಕೂರಿಸುವ ತಗಡಿನ ಪಟ್ಟಿ ಬಿಚ್ಚಿದೆ. ಪಟ್ಟಿಯ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ನನ್ನದೇ ಅಕ್ಷರ: 'ಗ್ಯಾರೇಜು, ಬಲಗಡೆ, ಮೇ 1982'.

ಏಳು ವರ್ಷ. ಈ ಪಟ್ಟಿ ನಮ್ಮ ಮನೆಗೆ ಬರುವ ಮೊದಲು ಎಲ್ಲಿತ್ತೆಂಬುದನ್ನು ನಾನು ಮರೆತಿರಲಿಲ್ಲ. ನೆನೆಸಿಕೊಂಡೂ ಇರಲಿಲ್ಲ...

ನಮ್ಮದು ಜಯನಗರದ ಒಂದು ಅಡ್ಡರಸ್ತೆ. ಮೂರು ಮನೆ ಆಚೆ, ಯಾವತ್ತೂ ಕಾರು ನಿಲ್ಲದ ಒಂದು ಗ್ಯಾರೇಜಿನಲ್ಲಿ ಕೂತು ಒಬ್ಬ ಹೆಂಗಸು ರೇಷ್ಮೆ ಸೀರೆ ರಿಪೇರಿ ಮಾಡುತ್ತಿದ್ದರು. ಇಲಿ ಕಡಿದದ್ದು, ಮೊಳೆಗೆ ಸಿಕ್ಕಿ ಹರಿದದ್ದು, ಊದಿನಕಡ್ಡಿಯ ಕಿಡಿ ಬಿದ್ದು ತೂತಾದದ್ದು. ಎಳೆಗೆ ಎಳೆ ಹೆಣೆದು, ತೂತು ಎಲ್ಲಿತ್ತೆಂದು ಉಟ್ಟವರಿಗೇ ತಿಳಿಯದಂತೆ ಮಾಡುವ ಕೆಲಸ, ಇಂಗ್ಲಿಷಿನಲ್ಲಿ ಡಾರ್ನಿಂಗ್. ರಸ್ತೆಯವರೆಲ್ಲ ಅವರನ್ನು ಡಾರ್ನಿಂಗ್ ಆಂಟಿ ಎನ್ನುತ್ತಿದ್ದರು. ಆಗ ಅವರಿಗೆ ಐವತ್ತೆಂಟರ ಆಸುಪಾಸು. ಮನೆಯಲ್ಲಿ ಅವರ ಜೊತೆಗಿದ್ದವರು ತಂಗಿ ಒಬ್ಬರೇ. ಹೈಸ್ಕೂಲಿನಲ್ಲಿ ಕನ್ನಡ ಟೀಚರು.

ಆಂಟಿಯ ಕೆಲಸಕ್ಕೆ ಎರಡು ಭಾಗವಿತ್ತು. ಮೊದಲನೆಯದು ನೂಲು ಹೊಂದಿಸುವುದು. ಅದು ಬೆಳಿಗ್ಗೆ ಹತ್ತರಿಂದ ಹನ್ನೊಂದರ ತನಕ ಮಾತ್ರ, ಅದೂ ಮನೆಯ ಹೊರಗೆ, ಕಾಂಪೌಂಡ್ ಗೋಡೆಯ ನೆರಳಿನಲ್ಲಿ. ಗೇಟಿನ ಹತ್ತಿರವೇ ಒಳ್ಳೆ ಹೊಂಗೆ ಮರ ಇತ್ತು. ಅದರ ಕೆಳಗೆ ಕೂರುತ್ತಿರಲಿಲ್ಲ. ಎಲೆಯ ಹಸಿರು ನೂಲಿನ ಮೇಲೆ ಬೀಳುತ್ತದೆ ಎನ್ನುತ್ತಿದ್ದರು. ಆರಿಸಿದ ನೂಲನ್ನು ಹಳೇ ಪೋಸ್ಟ್ ಕಾರ್ಡಿನ ತುಂಡಿಗೆ ಸುತ್ತಿ ಒಳಗೆ ತಂದರೆ ಮುಗಿಯಿತು, ಆ ವಿಚಾರವನ್ನು ಮತ್ತೆ ತೆಗೆಯುತ್ತಿರಲಿಲ್ಲ. ಎರಡನೆಯ ಭಾಗ ಹೆಣೆಯುವುದು. ಅದು ಗ್ಯಾರೇಜಿನೊಳಗೆ, ಎನಾಮಲ್ ಷೇಡಿನ ಅರವತ್ತು ವ್ಯಾಟಿನ ಒಂದು ಬಲ್ಬಿನ ಕೆಳಗೆ. ಬಲ್ಬಿನ ವೈರನ್ನು ಗೋಡೆಯ ಮೊಳೆಗೆ ಲಾಡಿಯಿಂದ ಕಟ್ಟಿದ್ದರು. ಬೇಕಾದಾಗ ಲಾಡಿ ಸಡಿಲಿಸಿ ಬಲ್ಬನ್ನು, ಬಟ್ಟೆ ಬಿಗಿಯಾಗಿ ಹಿಡಿಯುವ ಕಸೂತಿ ರಿಂಗಿನ ಹತ್ತಿರಕ್ಕೆ ಇಳಿಸಿಕೊಳ್ಳುತ್ತಿದ್ದರು.

ಆ ವರ್ಷ ಬಲ್ಬು ತೀರಾ ಕೆಳಗಿಳಿದಿತ್ತು. ಹಣೆಗೆ ಷೇಡು ತಾಗುವಷ್ಟು. ನಾನು ಆಗ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದೆ, ವಿಷಯ ಭೌತಶಾಸ್ತ್ರ. ಹದಿನಾಲ್ಕನೇ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೆ, ಕಂಡದ್ದನ್ನೆಲ್ಲ ಎಣಿಸುವ ಚಾಳಿ ಇತ್ತು. ಏಪ್ರಿಲ್ ರಜೆಯಲ್ಲಿ ಸೋದರಮಾವನ ಕ್ಯಾಮೆರಾದ ಲೈಟ್ ಮೀಟರ್ ತಂದು, ಗ್ಯಾರೇಜಿನ ನೆಲವನ್ನು ಒಂದೊಂದು ಅಡಿಯ ಚೌಕವಾಗಿ ವಿಂಗಡಿಸಿ, ನೂರರವತ್ತು ಜಾಗದಲ್ಲಿ ಬೆಳಕು ಅಳೆದು ಗ್ರಾಫ್ ಹಾಳೆಯಲ್ಲಿ ತುಂಬಿದೆ.

"ಏ ಸೈನ್ಸು, ಏನೇ ಅದು? ನಮ್ಮ ಗ್ಯಾರೇಜಿಗೆ ಜಾತಕ ಬರೀತಿದ್ದೀಯಾ?" ಎಂದರು ಆಂಟಿ. ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

"ಬೆಳಕು ಅಳೀತಿದ್ದೀನಿ ಆಂಟಿ. ನೀವು ಕೂತಿರೋ ಜಾಗ ಬಿಟ್ರೆ ಎಲ್ಲಾ ಕತ್ತಲೆ."

"ನಾನು ಕೂತಿರೋ ಕಡೆ ತಾನೇ ಕಣೇ ಕೆಲ್ಸ ಇರೋದು? ಆ ಮೂಲೇಲಿ ಜಿರಳೆ ಓದ್ಕೋಬೇಕಾ?"

ಆದರೂ ಒಪ್ಪಿದರು. ಮೇ ತಿಂಗಳಲ್ಲಿ ಎಲೆಕ್ಟ್ರಿಷಿಯನ್ ಬಂದು, ನಾನು ಗುರುತು ಹಾಕಿದ ಕಡೆ ನಾಲ್ಕಡಿಯ ಎರಡು ಟ್ಯೂಬ್‌ಲೈಟು ಹಾಕಿದ. ಗ್ಯಾರೇಜು ಬೆಳ್ಳಗಾಯಿತು. ನೂಲಿನ ಬಿಸ್ಕತ್ ಡಬ್ಬಿಗಳ ಮೇಲಿನ ತುಕ್ಕೂ ಕಾಣುವಂತಾಯಿತು. ಟ್ಯೂಬಿನ ತುದಿಯಲ್ಲಿ 'ಡೇಲೈಟ್' ಎಂದು ಅಚ್ಚಾಗಿತ್ತು. ಅದನ್ನು ಓದಿ ತೋರಿಸಿ ಹೇಳಿದೆ: "ಹಗಲಿನ ಬೆಳಕೇ ಇದು ಆಂಟಿ. ಇನ್ಮೇಲೆ ನೂಲು ಹಿಡ್ಕೊಂಡು ಗೋಡೆ ಹತ್ರ ಹೋಗೋದೇ ಬೇಡ." ಈ ಮಾತು ಅಂದಿನ ಪುಟದಲ್ಲಿ ಇದ್ದ ಹಾಗೇ ಇದೆ, ಹೇಳಿ ಹೆಮ್ಮೆಯಾಗಿತ್ತು, ಅದಕ್ಕೇ ಬರೆದುಕೊಂಡಿದ್ದೆ.

ಸಂಜೆ ವೋಲ್ಟೇಜ್ ಇಳಿದರೆ ಟ್ಯೂಬುಗಳು ಹತ್ತದೆ ಮಿಟುಕುತ್ತಿದ್ದವು. ಜೂನ್ ತಿಂಗಳಲ್ಲಿ ಅಂಥ ಸಂಜೆಗಳು ಒಂಬತ್ತು. "ಬಾರೇ ಇಲ್ಲಿ, ನಿನ್ನ ಲೈಟು ನಂಗೆ ಕಣ್ಣು ಹೊಡೀತಿದೆ, ಈ ವಯಸ್ಸಲ್ಲಿ," ಎಂದು ಆಂಟಿ ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಹಳೇ ಬಲ್ಬನ್ನು ತೆಗೆಯಲು ಬಿಟ್ಟಿರಲಿಲ್ಲ. ಅದು ಮೇಲಕ್ಕೆ ಕಟ್ಟಿಸಿಕೊಂಡು ತೂಗುತ್ತಿತ್ತು.

ಆಷಾಢದಲ್ಲಿ ಪುಟ್ಟೇನಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ಹೊಲ ಗದ್ದೆ ಇದ್ದ ಮನೆಯವರು. ಪಂಚೆಯಲ್ಲಿ ಸುತ್ತಿಕೊಂಡು ತಂದದ್ದು ಅವರದೇ ಧಾರೆ ಸೀರೆ, ನೇರಳೆ ಬಣ್ಣದ್ದು. ಟ್ರಂಕಿನಲ್ಲಿ ಇಲಿ ಕಡಿದಿತ್ತು, ಸೆರಗಿನ ಹತ್ತಿರ ಎರಡು ಕಡೆ. ಶ್ರಾವಣದಲ್ಲಿ ಮಗಳ ಮದುವೆ.

"ಹೊಸದು ತತ್ತೀವಿ ಅಂದ್ರೆ ಒಪ್ಪಾಕಿಲ್ಲ ಕಣಕ್ಕ. ಅವ್ವನ ಸೀರೆನೇ ಉಡ್ತೀನಿ ಅಂತಾಳೆ. ಹೆಂಗಾರಾ ಮಾಡ್ಕೊಡು," ಎಂದರು.

ಆ ವಾರವೆಲ್ಲ ಸಣ್ಣ ಹನಿ. ರೇಷ್ಮೆಯನ್ನು ಹೊರಗೆ ತರುವಂತಿರಲಿಲ್ಲ. ಒಂದು ದಿನ ನೋಡಿದರು, ಎರಡು ದಿನ ನೋಡಿದರು, ಮೂರನೆಯ ದಿನ ಟ್ಯೂಬ್‌ಲೈಟಿನ ಕೆಳಗೇ ನೂಲು ಆರಿಸಿದರು. ಅವರ ಬಳಿ ನೇರಳೆಯಲ್ಲೇ ಹದಿನಾಲ್ಕು ಛಾಯೆ ಇದ್ದವು. ಕಾರ್ಡುಗಳ ಹಿಂದೆ ನಂಬರ್ ಹಾಕಿದವಳು ನಾನೇ. ಅವರು ಆರಿಸಿದ್ದು ಆರನೆಯದು. ಹೆಣೆಯಲು ಎಂಟು ದಿನ ಹಿಡಿಯಿತು.

ಪುಟ್ಟೇನಹಳ್ಳಿಯವರು ಸೀರೆ ತೆಗೆದುಕೊಂಡು ಹೋಗಲು ಬಂದ ದಿನ ಬಿಸಿಲು ಬಂದಿತ್ತು. ನಾನೂ ಅಲ್ಲೇ ಇದ್ದೆ. ಗೇಟಿನ ಹತ್ತಿರ ಹೋದವರು ಸೆರಗು ಬಿಚ್ಚಿ ನೋಡಿ ನಿಂತರು.

"ಇದ್ಯಾಕಕ್ಕ ಹಿಂಗೈತೆ? ಹಣ್ಣು ಹಿಸುಕಿದಂಗೆ?"

ನನಗೆ ನಿಂತ ಕಡೆಯಿಂದಲೇ ಕಂಡಿತು. ನೇರಳೆಯ ಮೇಲೆ ಕೆಂಪು ಹೆಚ್ಚಾದ ಎರಡು ಗುರುತು, ಒಂದೊಂದೂ ಹೆಬ್ಬೆರಳಿನಷ್ಟು. ಆಂಟಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಸೆರಗನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

"ಎಲ್ಲಿ?" ಎಂದರು.

"ಇಲ್ಲೇ ಕಣಕ್ಕ, ಬೆರಳಿಟ್ಟೀನಲ್ಲ."

ಆಂಟಿಯೂ ಬೆರಳಿಟ್ಟರು. "ಹಾಂ... ಕಂಡ್ತು. ಬಿಟ್ಟೋಗಿ. ಮದುವೆಗಿನ್ನೂ ಆರು ದಿನ ಇದೆ, ಮಾಡ್ಕೊಡ್ತೀನಿ," ಎಂದರು. ಆದರೆ ಅವರ ಬೆರಳು ಗುರುತಿನ ಮೇಲಿರಲಿಲ್ಲ. ಒಂದು ಅಂಗುಲ ಆಚೆ ಇತ್ತು.

ಆ ಹೆಂಗಸು ಹೋದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ನನ್ನನ್ನು ಕರೆದರು. ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

"ಸೈನ್ಸು, ನೀನು ಎಲ್ಲಾ ಅಳೀತೀಯಲ್ಲ. ಇದನ್ನೂ ಅಳೆದು ಹೇಳು. ಕೆಟ್ಟಿರೋದು ಲೈಟಾ, ನನ್ನ ಕಣ್ಣಾ? ಕಣ್ಣಾದ್ರೆ ಈ ಸೀರೆ ವಾಪಸ್ ಕೊಟ್ಟು, ಇವತ್ತೇ ರಿಂಗು ಎತ್ತಿಟ್ಟುಬಿಡ್ತೀನಿ. ಬೇರೆಯೋರ ಮನೆ ಮದುವೆ ಸೀರೆ ಜೊತೆ ಆಟ ಆಡಬಾರ್ದು."

ನಾನು ಅಳೆದೆ. ಹದಿನಾಲ್ಕು ಕಾರ್ಡುಗಳನ್ನು ಕಲಸಿ ಹರಡುವುದು, ಸೀರೆಯ ಅಂಚು ಪಕ್ಕದಲ್ಲಿಟ್ಟು ಹೊಂದುವ ನೂಲನ್ನು ಆರಿಸುವುದು. ಟ್ಯೂಬ್‌ಲೈಟಿನ ಕೆಳಗೆ ಹತ್ತು ಸಲ, ಹೊರಗೆ ಗೋಡೆಯ ನೆರಳಿನಲ್ಲಿ ಹತ್ತು ಸಲ. ಮೊದಲು ಅವರು, ಆಮೇಲೆ ನಾನು. ಸೀರೆಗೆ ನಿಜವಾಗಿ ಹೊಂದುತ್ತಿದ್ದದ್ದು ಒಂಬತ್ತನೆಯ ನಂಬರು. ಸರಿ ತಪ್ಪುಗಳನ್ನು ಅವರಿಗೆ ಕಾಣದಂತೆ ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋದೆ. ನಾನು: ಗೋಡೆಯ ಬಳಿ ಹತ್ತಕ್ಕೆ ಹತ್ತು, ಟ್ಯೂಬಿನ ಕೆಳಗೆ ಹತ್ತಕ್ಕೆ ಎಂಟು. ಅವರು: ಟ್ಯೂಬಿನ ಕೆಳಗೆ ಮೂರು, ಗೋಡೆಯ ಬಳಿ ನಾಲ್ಕು.

ಟ್ಯೂಬ್‌ಲೈಟಿನದೂ ತಪ್ಪಿತ್ತು, ಸ್ವಲ್ಪ. ಉಳಿದ ತಪ್ಪು ಯಾವುದರದು ಎಂದು ತಿಳಿಯಲು ಭೌತಶಾಸ್ತ್ರ ಓದಿರಬೇಕಾಗಿರಲಿಲ್ಲ.

ಆಂಟಿ ಸೆರಗಿನಲ್ಲಿ ಕನ್ನಡಕ ಒರೆಸುತ್ತಾ ಕಾಯುತ್ತಿದ್ದರು. ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಬಾಗಿಲಲ್ಲಿ ಟೀಚರ್ ಬಂದು ನಿಂತಿದ್ದರು.

"ಟ್ಯೂಬಲ್ಲಿ ನಂಗೂ ತಪ್ಪಾಗ್ತಿದೆ ಆಂಟಿ," ಎಂದೆ. "ಲೈಟಿಂದೇ."

ಅವರ ಮುಖ ಸಡಿಲವಾಯಿತು. ಜೋರಾಗಿ ನಕ್ಕುಬಿಟ್ಟರು. ತಂಗಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನೇ? ಆರು ತಿಂಗಳಿಂದ ಕಣ್ಣಿನ ಡಾಕ್ಟ್ರು, ಕಣ್ಣಿನ ಡಾಕ್ಟ್ರು ಅಂತ ನನ್ನ ಜೀವ ತಿಂತಿದ್ದೆಯಲ್ಲ!" ಎಂದರು.

"ಸೈನ್ಸೇ ಹೇಳಿದ ಮೇಲೆ ನಂದೇನಿದೆ. ನಾನು ಬರೀ ಕನ್ನಡ ಟೀಚರು," ಎಂದು ಟೀಚರ್ ನನ್ನ ಮುಖ ನೋಡಿದರು. ನಾನು ಕಾರ್ಡುಗಳನ್ನು ಜೋಡಿಸುತ್ತಿದ್ದೆ.

ನನಗೂ ಎರಡು ಸಲ ತಪ್ಪಾಗಿತ್ತು, ಹಾಗಾಗಿ ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಅಂದಿನ ಪುಟದ ಕೊನೆಯಲ್ಲಿ ಬರೆದುಕೊಂಡಿದ್ದೇನೆ.

ಒಂಬತ್ತನೆಯ ನೂಲನ್ನು ನಾನೇ ಕಾರ್ಡಿಗೆ ಸುತ್ತಿ ಕೊಟ್ಟೆ. ಆಂಟಿ ಟ್ಯೂಬುಗಳನ್ನು ಆರಿಸಿ, ಲಾಡಿ ಸಡಿಲಿಸಿ ಹಳೇ ಬಲ್ಬನ್ನು ಇಳಿಸಿಕೊಂಡರು. ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆಯುವುದು ರೇಷ್ಮೆಯಲ್ಲಿ ಸುಲಭವಲ್ಲ, ಸುತ್ತಲಿನ ಎಳೆ ಜಾರುತ್ತದೆ. ಆದರೆ ಆ ಬೆರಳುಗಳಿಗೆ ಬೆಳಕು ಅಷ್ಟಾಗಿ ಬೇಕಿರಲಿಲ್ಲ. ಉಗುರಿನ ತುದಿಯಿಂದ ಎಳೆಗಳನ್ನು ಎಣಿಸುತ್ತಿದ್ದರು. ಐದನೆಯ ದಿನ ಮುಗಿಯಿತು. ಪುಟ್ಟೇನಹಳ್ಳಿಯವರು ಗೇಟಿನ ಹತ್ತಿರ ನಿಂತು ಸೆರಗನ್ನು ಬಿಸಿಲಿಗೆ ಹಿಡಿದು ಹುಡುಕಿದರು, ಹುಡುಕಿ ನಗಲು ಶುರುಮಾಡಿದರು.

"ಎಲ್ಲಿತ್ತಕ್ಕ ತೂತು?"

ಅದಾದ ಮೇಲೆ ಕಾಲೇಜಿಗೆ ಹೋಗುವ ಮುಂಚೆ ದಿನಾ ಅಲ್ಲಿಗೆ ಹೋಗತೊಡಗಿದೆ. ನೂಲುಗಳ ಪಟ್ಟಿ ಮಾಡುತ್ತಿದ್ದೇನೆ ಎಂಬುದು ನೆಪ. ಬಂದ ಸೀರೆಗೆ ಹೊಂದುವ ಕಾರ್ಡನ್ನು ಡಬ್ಬಿಯ ಮೇಲುಗಡೆ ಇಟ್ಟು ಬರುತ್ತಿದ್ದೆ. ಅವರು ಅದನ್ನೇ ಎತ್ತಿಕೊಂಡು ಗೋಡೆಯ ಬಳಿ ಒಯ್ದು, ನೋಡಿ, ಇದೇ ಸರಿ ಎನ್ನುತ್ತಿದ್ದರು. ಮುಂದಿನ ಜೂನ್ ತನಕ ಹೀಗೆ ಎಪ್ಪತ್ಮೂರು ಸೀರೆ. ಒಂದೂ ತಿರುಗಿ ಬರಲಿಲ್ಲ. ಟ್ಯೂಬ್‌ಲೈಟುಗಳನ್ನು ಬಿಚ್ಚಿಸಿದರು, ಒಂದು ಟೀಚರ್ ಕೋಣೆಗೆ ಹೋಯಿತು, ಇನ್ನೊಂದು ನಮ್ಮ ಅಡುಗೆಮನೆಗೆ ಬಂತು.

ಆಮೇಲೆ ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು, ಮೂರು ವರ್ಷ ಅಲ್ಲಿದ್ದೆ...

ಅಲ್ಲಿಗೆ ಆಂಟಿಯಿಂದ ಇನ್‌ಲ್ಯಾಂಡ್ ಲೆಟರುಗಳು ಬರುತ್ತಿದ್ದವು. ಎರಡು ವರ್ಷದಲ್ಲಿ ಏಳು. ಅಕ್ಷರ ಒಂದಕ್ಕಿಂತ ಒಂದು ದಪ್ಪ. ಬರೆಯುತ್ತಿದ್ದದ್ದು ಮುಖ್ಯವಾಗಿ ಬೆಳಕಿನ ವಿಚಾರ. ಅರವತ್ತರ ಬಲ್ಬು ಈಗೀಗ ಸಾಲದು, ನೂರರದ್ದು ಹಾಕಿಸಲೇ? ನೂರರದ್ದು ಹಳದಿಯಾಗಿ ಕಾಣುತ್ತದೆ, ನೀಲಿ ಗಾಜಿನದು ಹೇಗೆ? ಮಲ್ಲೇಶ್ವರದವರೊಬ್ಬರು ಸೀರೆ ವಾಪಸ್ ತಂದರು, ಬಲ್ಬು ಸರಿಯಿಲ್ಲದ್ದಕ್ಕೆ ಹೀಗಾಯಿತು, ಟೇಬಲ್ ಲ್ಯಾಂಪು ತರಿಸಿದ್ದೇನೆ. ಏಳಕ್ಕೂ ನಾನು ಉತ್ತರ ಬರೆದೆ. ಎಷ್ಟು ವ್ಯಾಟು, ಎಷ್ಟು ಎತ್ತರ, ಯಾವ ಕೋನ, ಎಲ್ಲವನ್ನೂ ಚಿತ್ರ ಸಮೇತ ವಿವರಿಸಿದೆ. ಅವರು ಬಲ್ಬು ಬದಲಾಯಿಸಿದ್ದು ಐದು ಸಲ. ಸೀರೆ ತರುವವರು ಕಡಿಮೆಯಾದರು ಎಂದು ಅಮ್ಮ ಬರೆದಿದ್ದರು.

1985ರಲ್ಲಿ ಟೀಚರ್ ಕೊನೆಗೂ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪೊರೆ ಬಲಿತು, ಒಳಗೆ ಒತ್ತಡ ಏರಿ, ಎಡಗಣ್ಣು ಹೋಗಿತ್ತು. ಬಲಗಣ್ಣಿಗೆ ಆಪರೇಷನ್ ಆಯಿತು. ನಾನು ನೋಡಲು ಹೋದಾಗ ಆಂಟಿ ನಿದ್ದೆಯಲ್ಲಿದ್ದರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಟೀಚರ್ ನಡೆದದ್ದನ್ನು ಹೇಳಿದರು.

"ಡಾಕ್ಟ್ರು ಬೈದ್ರು ಕಣೇ. 'ಇಷ್ಟು ದಿನ ಯಾಕಮ್ಮ ಬರ್ಲಿಲ್ಲ?' ಅಂದ್ರು. ಅದಕ್ಕೆ ಇವಳು ಏನಂದ್ಲು ಗೊತ್ತಾ? 'ಬೆಳಕು ಸರಿ ಇರ್ಲಿಲ್ಲ ಡಾಕ್ಟ್ರೇ, ಅದಕ್ಕೇ ಗೊತ್ತಾಗ್ಲಿಲ್ಲ' ಅಂದ್ಲು."

ಹೇಳಿ ಟೀಚರ್ ನಕ್ಕರು. ಡೈರಿಯಲ್ಲಿದ್ದ ಅಂಕೆಗಳನ್ನು ನಾನು ಆ ಬೆಂಚಿನ ಮೇಲೆ ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಆಂಟಿ ಮತ್ತೆ ರಿಂಗು ಹಿಡಿಯಲಿಲ್ಲ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಮೂರು ವರ್ಷ ಇದ್ದರು. ಹೋದ ವರ್ಷ ತೀರಿಕೊಂಡರು. ಗ್ಯಾರೇಜಿನಲ್ಲಿ ಈಗ ಕ್ಯಾಸೆಟ್ ಅಂಗಡಿ ಇದೆ, ಆರು ಟ್ಯೂಬ್‌ಲೈಟು. ನೂಲಿನ ಡಬ್ಬಿಗಳನ್ನು ಟೀಚರ್ ಯಾರ್ಯಾರಿಗೋ ಕೊಟ್ಟರು. ನೇರಳೆಯ ಹದಿನಾಲ್ಕು ಕಾರ್ಡುಗಳನ್ನು ಮಾತ್ರ ನನ್ನ ಕೈಗಿತ್ತು, "ನಂಬರ್ ಹಾಕಿದವಳು ನೀನೇ, ನೀನೇ ಇಟ್ಕೊ," ಎಂದರು.

ಗುರುವಾರ ಅಂಗಡಿಗೆ ಹೋಗಿ ಹೊಸ ಚೋಕ್ ತಂದು ಹಾಕಿದೆ. ಸ್ಟಾರ್ಟರ್ ಎರಡು ಸಲ ಟಿಕ್ ಎಂದು ಬೆಳಕು ಹತ್ತಿತು. ಅಡುಗೆಮನೆಯ ಕಟ್ಟೆಯ ಮೇಲೆ ಕಾರ್ಡುಗಳನ್ನು ಹರಡಿ, ಆರು ಮತ್ತು ಒಂಬತ್ತನ್ನು ಅಕ್ಕಪಕ್ಕ ಇಟ್ಟೆ. ಒಂದೇ ಬಣ್ಣವಲ್ಲ. ಟ್ಯೂಬ್‌ಲೈಟಿನಲ್ಲೂ ಗೊತ್ತಾಗುತ್ತದೆ, ಹತ್ತಕ್ಕೆ ಎಂಟು ಸಲ.

ಆಮೇಲೆ 1982ರ ಡೈರಿ ತೆಗೆದೆ. ಪುಟ ಚೊಕ್ಕಟವಾಗಿದೆ, ಎರಡು ಅಡ್ಡಸಾಲು, ಎರಡು ಉದ್ದಸಾಲು, ಸ್ಕೇಲಿಟ್ಟು ಎಳೆದದ್ದು. ಕೊನೆಯ ಚೌಕದಲ್ಲಿ ಅವರ ಹೆಸರಿನ ಮುಂದೆ, ಗೋಡೆಯ ಬಳಿ, ಹತ್ತಕ್ಕೆ ನಾಲ್ಕು ಎಂದಿದೆ. ಅಳೆದು ಹೇಳು ಎಂದು ನನ್ನನ್ನು ಕೇಳಿದವರು ಇಷ್ಟು ವರ್ಷದಲ್ಲಿ ಅವರೊಬ್ಬರೇ. ಕೇಳಿ, ಕನ್ನಡಕ ಒರೆಸುತ್ತಾ ಕಾದಿದ್ದರು...