ಚನ್ನಪಟ್ಟಣದ ಲೇತಿನಲ್ಲಿ ಎರಡು ಸದನ

ಚನ್ನಪಟ್ಟಣದ ಬೀದಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ, ಆಗಲೇ ಗೊಂಬೆ ಕಾರ್ಖಾನೆಯಲ್ಲಿ ನಾಹಿದಾ ಅವರ ಮರ ಕಡೆಯುವ ಲೇತ್ ತಿರುಗುತ್ತಿದೆ. ಹಾಲೆ ಮರದ ತುಂಡಿಗೆ ಉಳಿ ತಾಗಿದ್ದೇ ತಡ, ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಮಡಿಲಿಗೆ ಬೀಳುತ್ತದೆ. ಆಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಬಿಸಿಗೆ ಅರಗು ಕರಗಿ ಹಸಿರು ಹತ್ತುತ್ತದೆ. ಇದು ಲೋಕಸಭೆ. ಪಕ್ಕದಲ್ಲಿ ಕೆಂಪು ಬಳಿದುಕೊಂಡು ರಾಜ್ಯಸಭೆ ಕೂತಿದೆ. ದೆಹಲಿಯ ಸದನಗಳ ನೆಲಹಾಸಿನ ಬಣ್ಣವೂ ಇದೇ.

ದೆಹಲಿ ನೋಡಿದ್ದೀರಾ ಎಂದರೆ ನಗುತ್ತಾರೆ. “ನಾನು ಬೆಂಗಳೂರನ್ನೇ ನೆಟ್ಟಗೆ ನೋಡಿಲ್ಲ, ದಿಲ್ಲಿ ಎಲ್ಲಿಂದ ನೋಡ್ಲಿ?”

ಇದಕ್ಕೆ ಮೊದಲು ಇಪ್ಪತ್ತು ವರ್ಷ ನಾಹಿದಾ ಅವರದು ಬಣ್ಣದ ಕೆಲಸ. ಗೊಂಬೆಗೆ ಕಣ್ಣು, ಹುಬ್ಬು ಬರೆಯುವುದು. ಈ ಕಾರ್ಖಾನೆಯಲ್ಲಿ ಲೇತಿಗೆ ಕೂರುವವರು ಗಂಡಸರೇ, ಯಾರು ಮಾಡಿದ ಕಾನೂನೋ ದೇವರೇ ಬಲ್ಲ. ಗಂಡ ಸಮದ್ ಭುಜದ ನೋವಿಗೆ ಮನೆ ಹಿಡಿದಾಗ ಅವರ ಲೇತ್ ಖಾಲಿಯಾಯಿತು. ಗಂಡನ ಪಕ್ಕ ಕೂತು ನೋಡಿ ನೋಡಿಯೇ ಕೆಲಸ ಕಲಿತಿದ್ದ ನಾಹಿದಾ, ಆ ಜಾಗ ತನಗೆ ಕೊಡಿ ಎಂದು ಕೇಳಿಯೇಬಿಟ್ಟರು. ಮಾಲೀಕ ಕರೀಂ ಸಾಹೇಬರು ಮೂಗು ಮುರಿದರು.

ಅಷ್ಟರಲ್ಲಿ ಮಾಗಡಿ ಕಡೆಯ ಶಾಲೆಯೊಂದರ ಮೇಷ್ಟ್ರು ಅನಂತರಾಜು ಬಂದರು. ಸಂಸತ್ತಿನ ಪಾಠ ಮಕ್ಕಳ ತಲೆಗೆ ಹತ್ತುತ್ತಿಲ್ಲ, ಕೈಯಲ್ಲಿ ಹಿಡಿದು ಆಡುವಂಥದ್ದೇನಾದರೂ ಮಾಡಿಕೊಡಿ ಎಂದರು. ಈ ರಗಳೆ ಗಂಡಸರಿಗೆ ಯಾರಿಗೂ ಬೇಡವಾಯಿತು.

“ನೀವೇ ಮಾಡಿ ಭಾಬಿ. ಮೇಷ್ಟ್ರು ಒಪ್ಪುದ್ರೆ ಲೇತ್ ನಿಮ್ದು. ಒಪ್ನಿಲ್ಲ ಅಂದ್ರೆ ಸುಮ್ಕೆ ಬಣ್ಣಕ್ಕೆ ಕೂತ್ಕೋಬೇಕು” ಎಂದರು ಕರೀಂ.

ಮೊದಲ ಸಲ ಎಡವಟ್ಟಾಯಿತು. ಗೊಂಬೆ ಮಾಡುವವರ ಲೆಕ್ಕದಲ್ಲಿ ಜೋಡಿ ಎಂದರೆ ಎರಡೂ ಒಂದೇ ಅಳತೆ. ರಾಜನಿಗಿಂತ ರಾಣಿ ಕೂದಲೆಳೆ ಗಿಡ್ಡವಾದರೂ ಒಲೆ ಪಾಲು. ನಾಹಿದಾ ಎರಡು ಸದನವನ್ನೂ ಅಚ್ಚುಕಟ್ಟಾಗಿ ಒಂದೇ ಗಾತ್ರಕ್ಕೆ ಕಡೆದಿಟ್ಟಿದ್ದರು. ಮೇಷ್ಟ್ರು ತಲೆ ಕೆರೆದುಕೊಂಡರು.

“ಜೋಡಿನೇ ಕಣಮ್ಮಾ, ಆದ್ರೆ ಒಂದೇ ಥರ ಅಲ್ಲ. ಲೋಕಸಭೇಲಿ ಐನೂರ ನಲವತ್ಮೂರು ಸೀಟು, ನಾವೇ ಓಟಾಕಿ ಕಳಿಸೋದು. ರಾಜ್ಯಸಭೇಲಿ ಇನ್ನೂರ ನಲವತ್ತೈದು. ಅವರಲ್ಲಿ ಹೆಚ್ಚಿನೋರ್ನ ಎಮ್ಮೆಲ್ಲೆಗಳು ಆರಿಸ್ತಾರೆ, ಹನ್ನೆರಡು ಜನರನ್ನ ರಾಷ್ಟ್ರಪತಿ ನೇಮಿಸ್ತಾರೆ. ಲೋಕಸಭೆ ಐದು ವರ್ಷ ಆದ್ರೆ ಪೂರ್ತಿ ಖಾಲಿ. ರಾಜ್ಯಸಭೆ ಹಂಗಲ್ಲ, ಎರಡು ವರ್ಷಕ್ಕೊಂದ್ಸಲ ಮೂರರಲ್ಲಿ ಒಂದು ಪಾಲು ಮಾತ್ರ ಹೋಯ್ತದೆ, ಆ ಜಾಗಕ್ಕೆ ಹೊಸಬರು ಬತ್ತಾರೆ.”

“ಆಯ್ತಲ್ಲ ಭಾಬಿ, ಇನ್ ಬಣ್ಣಕ್ಕೆ ಕೂತ್ಕೊಳಿ” ಎಂದರು ಕರೀಂ ಸಾಹೇಬರು. ಆದರೆ ನಾಹಿದಾ ಹಟ ಬಿಡುವ ಹೆಂಗಸಲ್ಲ. “ಇನ್ನೊಂದ್ ಕಿತ ಮಾಡ್ತೀನಿ ಮೇಷ್ಟ್ರೇ. ಇದ ಒಲೆಗಾಕಿ” ಎಂದರು.

ಎಳೆ ಮಕ್ಕಳು ಕೋಲಿಗೆ ಬಳೆ ಪೋಣಿಸಿ ಆಡುವ ಆಟಿಕೆ ಇದೆಯಲ್ಲ, ಅದೇ ಅವರ ಕೈ ಹಿಡಿಯಿತು. ಲೋಕಸಭೆಗೆ ಒಂದೇ ದೊಡ್ಡ ತಟ್ಟೆ, ಎತ್ತಿದರೆ ಎಲ್ಲ ಸೀಟೂ ಒಟ್ಟಿಗೇ ಏಳುತ್ತವೆ. ರಾಜ್ಯಸಭೆಗೆ ಕೋಲಿಗೆ ಪೋಣಿಸಿದ ಮೂರು ಸಮ ಬಳೆ. ಒಂದು ಹಳದಿ ಗುಂಡು, ಅದು ಮಸೂದೆ. ಎರಡೂ ಸದನ ದಾಟಿದರೇನೇ ಅದು ಕೊನೆಯ ಬಟ್ಟಲಿಗೆ, ಅಂದರೆ ರಾಷ್ಟ್ರಪತಿಯವರ ಅಂಕಿತಕ್ಕೆ ಹೋಗುತ್ತದೆ. ಸೀಟುಗಳ ಚುಕ್ಕಿ ಇಡಲು ಬಣ್ಣದ ಕೈ ಹೇಗೂ ಪಳಗಿತ್ತು.

ಕರೀಂ ಸಾಹೇಬರ ಜೊತೆ ನಾಹಿದಾ ಬಸ್ಸು ಹಿಡಿದು ಮೇಷ್ಟ್ರ ಶಾಲೆಗೆ ಹೋದರು. ಎಂಟನೇ ಕ್ಲಾಸಿನ ಧನುಶ್ರೀ ಹಸಿರು ತಟ್ಟೆ ಎತ್ತಿ, “ಲೋಕಸಭೆ ಹೋಯ್ತು, ಎಲೆಕ್ಷನ್ ಬಂತು” ಎಂದಳು. ಆಮೇಲೆ ಒಂದು ಕೆಂಪು ಬಳೆ ತೆಗೆದಳು.

“ಸಾರ್, ಇನ್ನೂ ಎರಡು ಪಾಲು ಹಂಗೇ ಐತೆ. ಇದು ಯಾವತ್ತೂ ಖಾಲಿ ಆಗಾಕಿಲ್ಲ.”

ವರ್ಷವೆಲ್ಲ ಬಾಯಿ ಒಣಗಿಸಿಕೊಂಡಿದ್ದ ಮೇಷ್ಟ್ರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು. ಗೆದ್ದಿದ್ದು ನಾಹಿದಾ! ಕರೀಂ ಸಾಹೇಬರು ಅಲ್ಲೇ, ಮಕ್ಕಳ ಎದುರಿಗೇ, “ಲೇತ್ ನಿಮ್ದೇ ಭಾಬಿ” ಎಂದರು. ಈಗ ಕನಕಪುರ, ರಾಮನಗರದ ಶಾಲೆಗಳೂ ಸರದಿಯಲ್ಲಿವೆ.

ಬಣ್ಣದ ಕೆಲಸದ ಸಿದ್ದಮ್ಮ ಮತ್ತು ಗುಲ್ಜಾರ್ ಬೀ ದಿನಾ ಒಂದು ಗಂಟೆ ಮೊದಲೇ ಬಂದು ನಾಹಿದಾ ಹತ್ತಿರ ಉಳಿ ಹಿಡಿಯುವುದನ್ನು ಕಲಿಯುತ್ತಿದ್ದಾರೆ. ಕರೀಂ ಸಾಹೇಬರು ಈಗ ಮೂಗು ಮುರಿಯುವುದಿಲ್ಲ, ಚಹಾ ತರಿಸುತ್ತಾರೆ. ಆಸೆ ಏನು ಎಂದು ಕೇಳಿದರೆ ನಾಹಿದಾ ಲೇತ್ ನಿಲ್ಲಿಸುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ.

“ನಾನು ಎದ್ದೋದ ದಿನ ಇಲ್ಲಿ ಇನ್ನೊಬ್ಳು ಹೆಂಗ್ಸು ಕೂತಿರ್ಬೇಕು. ಕೇಳ್ಕೊಂಡಲ್ಲ, ತನ್ ಜಾಗ ಅಂತ ಕೂತಿರ್ಬೇಕು.”